ಮೊಳಕಾಲ್ಮೂರಿನ ಲೈನ್

12 ಫೆಬ್ರವರಿ 2001, ಸೋಮವಾರ

ಮತ್ತೆ ಪಾಸ್‌ವರ್ಡ್ ಬದಲಿಸುವ ದಿನ. ಬೆಳಗಿನಿಂದ ಎಲ್ಲರೂ ನನ್ನ ಟೇಬಲ್ ಮುಂದೆ. ಅಪ್ಪನ ಕಾಲದಿಂದ ಎಣ್ಣೆ ಮಿಲ್ಲಿನ ಲೆಕ್ಕ ನೋಡುತ್ತಿರುವ ಬೊಮ್ಮಲಿಂಗಪ್ಪನವರದು ಹಟ, ಹಳೆಯದೇ ಇರಲಿ ಎಂದು.

"ಮನೆ ದೇವ್ರ ಹೆಸ್ರು ಕಣಮ್ಮ ಅದು. ಆರು ವಾರಕ್ಕೊಂದು ದೇವ್ರನ್ನ ಎಲ್ಲಿಂದ ತರ್ಲಿ?"

ಮಷೀನ್ ಒಪ್ಪುವುದಿಲ್ಲ ಎಂದೆ. ಕೊನೆಗೆ ಹೆಂಡತಿಯ ಹೆಸರಿಗೆ ಇಳಿದರು, ಬೇಸರದಿಂದ.

ಹನ್ನೊಂದಕ್ಕೆ ಮೊಳಕಾಲ್ಮೂರಿನ ಲೈನ್ ಸಿಕ್ಕಿತು. ಅಂಗಡಿಯವರದೂ ಬದಲಾಯಿತು. ಆಮೇಲೆ ಶಶಿಯ ಫೋನ್. ನನ್ನ ತಮ್ಮ, ಅಲ್ಲಿನ ರೇಷ್ಮೆ ಸೀರೆ ಅಂಗಡಿ ಅವನದೇ ಜವಾಬ್ದಾರಿ.

"ಅಕ್ಕ, ಈ ಸರ್ವರ್ ಮ್ಯಾಲೆ ಬ್ಯಾಕಪ್ ಅಂತ ಚೀಟಿ ಯಾಕೆ ಅಂಟಿಸೀಯ? ಬಂದೋರೆಲ್ಲ ಓದ್ತಾರೆ. ನಾನೇನು ಅಣ್ಣಂಗೆ ಬ್ಯಾಕಪ್ಪಾ?"

ವಿವರಿಸಿದೆ, ಎಷ್ಟನೆಯ ಸಲವೋ. ಯಾರು ಒಳಗೆ ಬರಬಹುದು, ಯಾರು ಯಾವ ಫೈಲ್ ತೆರೆಯಬಹುದು ಎಂಬ ಹೆಸರುಗಳ ಪಟ್ಟಿ ಒಂದೇ. ಅದನ್ನು ಬದಲಿಸುವುದು ಇಲ್ಲಿ ಚಳ್ಳಕೆರೆಯ ಮೇನ್ ಸರ್ವರಿನಲ್ಲಿ ಮಾತ್ರ. ಅಲ್ಲಿರುವುದು ನಕಲು. ದಿನಕ್ಕೆರಡು ಸಲ ಇಲ್ಲಿಂದ ಡಯಲ್ ಆದಾಗ ಬದಲಾವಣೆ ಅಲ್ಲಿಗೂ ಹೋಗುತ್ತದೆ. ಲೈನ್ ಸಿಗದಿದ್ದರೆ ಹಳೆಯ ಪಟ್ಟಿಯನ್ನೇ ನಂಬಿಕೊಂಡು ಅದರ ಪಾಡಿಗೆ ಅದು ನಡೆಯುತ್ತದೆ.

"ಅಂದ್ರೆ ನಾನು ಇಲ್ಲಿ ಏನೂ ಬರಿಯಂಗಿಲ್ಲ."

"ಬರೆಯುವವಳು ನಾನು, ಅಣ್ಣ ಅಲ್ಲ" ಅಂದೆ. ನಕ್ಕ. ಅಷ್ಟೇನೂ ನಗುವಿರಲಿಲ್ಲ ಅದರಲ್ಲಿ. ಚೀಟಿ ಕಿತ್ತುಬಿಡು ಎನ್ನಬಹುದಿತ್ತು. ಯಾಕೆ ಅನ್ನಲಿಲ್ಲ?

15 ಫೆಬ್ರವರಿ, ಗುರುವಾರ

ಅಣ್ಣ ಊಟಕ್ಕೆ ಕೂತವನು ತಟ್ಟೆಯ ಪಕ್ಕ ಒಂದು ಸೀರೆ ಡಬ್ಬಿ ಇಟ್ಟ. ಹೊಸದು, ಕೆಂಪು. ಮೇಲೆ ಬಂಗಾರದ ಅಕ್ಷರ — ಶಶಿ ಸಿಲ್ಕ್ಸ್. ಇಷ್ಟು ವರ್ಷ ಡಬ್ಬಿಯ ಮೇಲೂ ಮಿಲ್ಲಿನ ಬೋರ್ಡಿನ ಮೇಲೂ ಒಂದೇ ಹೆಸರಿತ್ತು, ವೀರಭದ್ರಪ್ಪ ಅಂಡ್ ಸನ್ಸ್. ಶಶಿ ಎದುರಿಗೇ ಕೂತಿದ್ದ, ಗುರುವಾರ ಬರುತ್ತಾನೆ.

"ಅಪ್ಪನ ಹೆಸ್ರು ಡಬ್ಬಿ ಮ್ಯಾಲೆ ಹಿಡೀಲಿಲ್ವೇನೋ?"

"ಹಿಡೀತಿತ್ತು. ಅದ್ರ ಹಿಂದೆ ನೀನೂ ಬರ್ತೀಯಲ್ಲ, ಜಾಗ ಸಾಲ್ಲಿಲ್ಲ."

ಅವ್ವ "ಲೇ, ಉಣ್ಣೋ ಹೊತ್ತಾಗೆ..." ಅಂದಳು. ಶಶಿ ಎದ್ದ. ಅರ್ಧ ರೊಟ್ಟಿ ತಟ್ಟೆಯಲ್ಲೇ ಇತ್ತು. ಅವ್ವ ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು, ಅವನು ಕೈ ತೊಳೆಯಲು ಹೋಗಿದ್ದಾನೇನೋ ಎಂಬಂತೆ. ಹೊರಗೆ ವ್ಯಾನ್ ಸ್ಟಾರ್ಟ್ ಆಯಿತು.

ಡಬ್ಬಿ ಎತ್ತಿ ಬೀರುವಿಗೆ ಇಟ್ಟವಳು ನಾನು. ಎರಡು ಹೆಸರುಗಳಲ್ಲಿ ಯಾವುದರಲ್ಲೂ ನಾನಿಲ್ಲ, ಅದಕ್ಕೆ ಸಿಟ್ಟೂ ಬರಲಿಲ್ಲ. ದಾವಣಗೆರೆಯಲ್ಲಿ ಗಂಡ ತೀರಿಕೊಂಡ ಮೇಲೆ ವಾಪಸ್ ಬಂದಾಗ ಅಣ್ಣ ಅಂದಿದ್ದ, "ಕಾನ್ವೆಂಟಿನಾಗೆ ಓದೀಯ, ಈ ಕಂಪ್ಯೂಟರ್ ರೂಮ್ ನೋಡ್ಕೋ." ನೋಡಿಕೊಂಡೆ. ಇಬ್ಬರ ಹೆಸರೂ ಒಂದೇ ಕಡೆ ಇರುವ ಜಾಗ ಈಗ ಅದೊಂದೇ.

19 ಫೆಬ್ರವರಿ, ಸೋಮವಾರ

ಅಣ್ಣ ಕಂಪ್ಯೂಟರ್ ರೂಮಿಗೆ ಬಂದು ಬಾಗಿಲು ಹಾಕಿಕೊಂಡ. ಎಂದೂ ಹಾಕುವವನಲ್ಲ.

"ಶಶಿದು ಅಳಿಸಿ ಹಾಕು."

"ಅಂಗಡಿ ನಿಂತುಹೋಗುತ್ತೆ ಅಣ್ಣ. ಬಿಲ್ಲು ತೆರೆಯೋದೇ ಅವನ ಹೆಸರಲ್ಲಿ."

"ನಿಲ್ಲಲಿ. ನಿಂತಾಗ ಮನೆ ದಾರಿ ನೆನಪಾಗ್ತೈತೆ."

ಅಳಿಸಿದರೆ ಮತ್ತೆ ಅದೇ ಹೆಸರನ್ನು ಬರೆದರೂ ಮಷೀನಿಗೆ ಅವನು ಹೊಸಬ, ಅವನ ಫೈಲ್‌ಗಳನ್ನು ಅವನಿಗೇ ಬಿಡುವುದಿಲ್ಲ ಎಂದೆ. ಅದು ನಿಜ. ಆದರೆ ಆ ಹೊತ್ತಿಗೆ ಆ ನಿಜ ನೆನಪಾದದ್ದು ನನ್ನ ಪುಣ್ಯ. ಅಣ್ಣ ಪರದೆಯತ್ತ ಬಗ್ಗಿದ.

"ಹಂಗಾದ್ರೆ ಬೀಗ ಅಷ್ಟೇ ಹಾಕು. ನನ್ ಮುಂದೆ."

ಪಟ್ಟಿಯಲ್ಲಿ ಶಶಿಕಾಂತ್ ಎಂಬ ಹೆಸರು. ಕೆಳಗೆ ಸಣ್ಣ ಚೌಕ — ಅಕೌಂಟ್ ಡಿಸೇಬಲ್ಡ್. ಟಿಕ್ ಹಾಕಿದೆ. ನಮ್ಮಣ್ಣ ಮುರುಗೇಂದ್ರಪ್ಪ, ಇಡೀ ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ದನಿ ಎತ್ತಿ ಮಾತಾಡುವವನು, "ಇಷ್ಟೇನಾ?" ಅಂದ ಮೆಲ್ಲಗೆ. ಇನ್ನೂ ದೊಡ್ಡದೇನೋ ಆಗುತ್ತದೆ ಅಂದುಕೊಂಡಿದ್ದ ಅನ್ನಿಸುತ್ತದೆ.

ಅವನು ಹೋದ ಮೇಲೆ ಗಡಿಯಾರ ನೋಡಿದೆ. ನಾಲ್ಕಕ್ಕೆ ಡಯಲ್. ಆ ಟಿಕ್ ಮೊಳಕಾಲ್ಮೂರಿಗೆ ಹೋಗುವುದು ಆಗ.

ಮೋಡೆಮ್ ಹಿಂದಿನ ಫೋನ್ ವೈರು ಕಿತ್ತೆ. ಗೋಡೆಯ ಕಡೆ ಅದು ಸಿಕ್ಕಿಕೊಂಡೇ ಇರುವಂತೆ ಕಾಣುತ್ತದೆ. ಬಗ್ಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಅಣ್ಣನ ಮಾತು ಮೀರಲಿಲ್ಲ. ಶಶಿಗೆ ಬೀಗವೂ ಬೀಳಲಿಲ್ಲ. ಇಲ್ಲಿ ಹೊರಗೆ, ಅಲ್ಲಿ ಒಳಗೆ.

23 ಫೆಬ್ರವರಿ, ಶುಕ್ರವಾರ

ಮಾತಾಡುವ ಫೋನ್ ಬೇರೆ, ಕಂಪ್ಯೂಟರಿನ ಲೈನ್ ಬೇರೆ. ಅದಕ್ಕೇನಾಯಿತು ಎಂದರೆ ಎಲ್ಲರಿಗೂ ಒಂದೇ ಉತ್ತರ. ಎಕ್ಸ್‌ಚೇಂಜ್ ಪ್ರಾಬ್ಲಂ. ನಾಲಿಗೆಗೆ ರೂಢಿಯಾಗಿಬಿಟ್ಟಿದೆ.

ಅಂಗಡಿಯ ಕಂಪ್ಯೂಟರ್ ನೋಡುವ ಸುನಿತಾ ದಿನದ ಬಿಲ್ಲುಗಳನ್ನು ಫ್ಲಾಪಿಗೆ ಹಾಕಿ ಬಸ್ಸಿನಲ್ಲಿ ಕಳಿಸುತ್ತಾಳೆ. "ಕಂಡಕ್ಟರ್ ಕೈಯಾಗೆ ಕೊಟ್ಟಿದೀನಿ ಮೇಡಂ. ಮುಂದಿನ ಗಾಜಿನ ಹತ್ರ ಇಡಬ್ಯಾಡ, ಬಿಸಿಲಿಗೆ ಸೊಟ್ಟಗಾಗ್ತೈತೆ ಅಂದ್ರೆ, ಏನಮ್ಮ ಇದು ಹಪ್ಪಳನಾ ಅಂತಾನೆ."

ಶಶಿ ಒಳ್ಳೆಯ ಮೂಡಿನಲ್ಲಿದ್ದಾನಂತೆ. ಮದುವೆ ಸೀಸನ್.

ಹೀಗೆ ಎಷ್ಟು ದಿನ? ಪಾಸ್‌ವರ್ಡ್ ಬದಲಾವಣೆಯೂ ಮೇನ್‌ಗೆ ತಲುಪಿದರೇ ಆಗುವುದು. ಹನ್ನೆರಡನೇ ತಾರೀಕು ಬದಲಿಸಿದ್ದರ ಆರು ವಾರ ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಅಷ್ಟರೊಳಗೆ ಅಣ್ಣನ ಸಿಟ್ಟು ಇಳಿಯಬೇಕು. ಇಳಿದರೆ ಟಿಕ್ ತೆಗೆಯುತ್ತೇನೆ, ವೈರು ಸಿಕ್ಕಿಸುತ್ತೇನೆ. ಹೀಗೊಂದು ಆಗಿತ್ತೆಂದು ಯಾರಿಗೂ ತಿಳಿಯುವುದಿಲ್ಲ.

ಶಶಿಗೆ ಹೇಳಿಬಿಟ್ಟರೆ? ಮೊದಲ ಬಸ್ಸಿಗೆ ಬಂದು ಅಣ್ಣನ ಎದುರು ನಿಲ್ಲುತ್ತಾನೆ. ಅಲ್ಲಿಗೆ ಮುಗಿಯಿತು ಮನೆ. ಅದಕ್ಕೇ ಹೇಳುತ್ತಿಲ್ಲ... ಅದಕ್ಕೇನಾ? ಅಥವಾ ಇಬ್ಬರಿಗೂ ಒಳ್ಳೆಯವಳಾಗಿ ಉಳಿಯುವ ಆಸೆಯೇ?

1 ಮಾರ್ಚ್, ಗುರುವಾರ

ಶಶಿ ಊಟಕ್ಕೆ ಬರಲಿಲ್ಲ. ಅಣ್ಣ ಎರಡು ಸಲ ಬಾಗಿಲ ಕಡೆ ನೋಡಿದ. ಆಮೇಲೆ, "ಬೀಗ ಬಿದ್ದೈತೋ ಇಲ್ವೋ? ಅಲ್ಲಿಂದ ಒಂದು ಸದ್ದಿಲ್ಲ."

"ಬಿದ್ದಿದೆ" ಅಂದೆ.

6 ಮಾರ್ಚ್, ಮಂಗಳವಾರ

ಅವ್ವನ ಕಣ್ಣು ತೋರಿಸಲು ಚಿತ್ರದುರ್ಗಕ್ಕೆ ಹೋಗಿದ್ದೆ. ಅವ್ವನನ್ನು ಮನೆಗೆ ಬಿಟ್ಟು ಆಫೀಸಿಗೆ ಬರುವಾಗ ಐದೂವರೆ ಆಗಿತ್ತು.

ಬೊಮ್ಮಲಿಂಗಪ್ಪನವರ ಮುಖದಲ್ಲಿ ಸಂತೋಷ. "ಲೈನ್ ಬಂತು ಕಣಮ್ಮ! ನಾನೇ ಎಕ್ಸ್‌ಚೇಂಜಿಗೆ ಹೋಗಿ ಲೈನ್‌ಮನ್ ಗಾದ್ರಪ್ಪನ್ನ ಎಳಕೊಂಡು ಬಂದೆ. ಎರಡು ವಾರದಿಂದ ನೀನೊಬ್ಬಳೇ ಒದ್ದಾಡ್ತಿದ್ದೆ. ಏನೂ ಇಲ್ಲ, ಹಿಂದ್ಗಡೆ ವೈರು ಕಿತ್ತು ಬಂದಿತ್ತಂತೆ. ಕೈಯಾಗೆ ಒತ್ತಿದ, ಆತು!"

ನಾಲ್ಕರ ಡಯಲ್ ಆಗಿಹೋಗಿತ್ತು.

ಕೂರುವ ಮೊದಲೇ ಫೋನ್. ಸುನಿತಾ. ಅವಳು ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆಯುತ್ತೇನೆ.

"ಕೊಂಡ್ಲಹಳ್ಳಿ ಮದುವೆ ಪಾರ್ಟಿ ಮೇಡಂ. ಸೀರೆ ಎಲ್ಲ ಆರಿಸಿ ಆಗಿತ್ತು. ಕರೆಂಟ್ ಹೋಯ್ತು, ಬಂತು. ಮಷೀನ್ ಮತ್ತೆ ಆನ್ ಮಾಡಿ ಯಜಮಾನ್ರು ಪಾಸ್‌ವರ್ಡ್ ಹೊಡೆದ್ರು. ಇಂಗ್ಲಿಷ್‌ನಾಗೆ ಏನೋ ಬಂತು. ಓದಮ್ಮ ಅಂದ್ರು. ಓದಿದೆ... ನಾನು ಜೋರಾಗಿ ಓದಬಾರದಿತ್ತು ಮೇಡಂ. ನಿಮ್ಮ ಅಕೌಂಟ್ ಮುಚ್ಚೈತೆ, ಸಿಸ್ಟಂ ಅಡ್ಮಿನಿಸ್ಟ್ರೇಟರ್‌ನ ನೋಡಿ ಅಂತೈತೆ ಅಂದೆ. ಮುದುಕಮ್ಮ ಒಬ್ರು ತೆಲುಗಿನಾಗೆ, ಏಮಾಯೆ ತಲ್ಲೀ, ಬಿಲ್ಲು ರಾಲೇದಾ, ಬರ್ಲಿಲ್ವಾ ಅಂತಾರೆ. ಇನ್ನೊಬ್ರು, ಯಜಮಾನ್ರಿಗೇ ಬೀಗ ಬಿದ್ದೈತಂತೆ ಅಂತ ನಕ್ರು. ಯಜಮಾನ್ರು ಯಾರ ಮುಖಾನೂ ನೋಡ್ಲಿಲ್ಲ. ಕೈಯಾಗೇ ಬಿಲ್ಲು ಬರ್ದು ಕೊಟ್ರು. ಆಮೇಲೆ ಕೇಳಿದ್ರು, ಅಡ್ಮಿನಿಸ್ಟ್ರೇಟರ್ ಅಂದ್ರೆ ನಮ್ಮಕ್ಕ ತಾನೆ ಅಂತ."

"ನೀನೇನಂದೆ?"

"ಹೂಂ ಅಂದೆ ಮೇಡಂ."

ಟಿಕ್ ತೆಗೆಯಬಹುದಿತ್ತು. ಅಣ್ಣ ಎದುರಿನ ಕುರ್ಚಿಯಲ್ಲೇ ಕೂತಿದ್ದ. ತೆಗೆದರೂ ಆ ನಗು ವಾಪಸ್ ಹೋಗುತ್ತಿರಲಿಲ್ಲ.

7 ಮಾರ್ಚ್, ಬುಧವಾರ

ಶಶಿಯ ಫೋನ್. ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಬೀಗ ಹಾಕಿದ್ದು ಯಾರಕ್ಕ?"

"ನಾನು."

"ಅಣ್ಣ ಹೇಳಿದ್ನಾ?"

ಹೌದು ಎಂದರೆ ಅವನು ಇನ್ನೆಂದೂ ಈ ಮನೆಯ ಹೊಸಿಲು ತುಳಿಯುವುದಿಲ್ಲ. ಅದು ನನಗೆ ಅವನಿಗಿಂತ ಚೆನ್ನಾಗಿ ಗೊತ್ತು.

"ಇಲ್ಲ. ನಾನೇ ಹಾಕಿದ್ದು. ನಿಮ್ಮಿಬ್ಬರ ಜಗಳದಲ್ಲಿ ಫೈಲುಗಳು ಆಚೀಚೆ ಆಗಬಾರದು ಅಂತ."

ಅವನ ಹಿಂದೆ ಬಸ್ ಹಾರ್ನ್ ಕೇಳಿಸುತ್ತಿತ್ತು.

"ಸರಿ. ಮೇನ್ ಪಾಸ್‌ವರ್ಡ್ ಹೇಳು. ಬಳ್ಳಾರಿಯಿಂದ ಕಂಪ್ಯೂಟರ್ ಇಂಜಿನಿಯರ್‌ನ ಕರ್ಸಿದೀನಿ. ಇದನ್ನೇ ಮೇನ್ ಮಾಡ್ತಾನಂತೆ."

ಮಾಡಬಹುದು. ನಕಲನ್ನು ಮೇನ್ ಆಗಿ ಏರಿಸಬಹುದು, ಮೇನ್ ಕೆಟ್ಟುಹೋದಾಗ ಮಾಡುವ ಕೆಲಸ ಅದು. ಕೆಡದೆ ಇರುವಾಗ ಮಾಡಿದರೆ ಒಂದೇ ಹೆಸರಿನಲ್ಲಿ ಎರಡು ಮೇನ್. ಆಮೇಲೆ ಎರಡು ಪಟ್ಟಿಯೂ ಬೇರೆ ಬೇರೆ ಬೆಳೆಯುತ್ತವೆ, ಕೂಡಿಸಲಾಗದು. ಅದನ್ನು ಹೇಳಿದೆ.

"ಕೂಡ್ಸು ಅಂತ ಯಾರು ಕೇಳಿದ್ರು?"

ಒಂದೊಂದೇ ಅಕ್ಷರ ಹೇಳಿದೆ. ಪ್ರತಿ ಅಕ್ಷರವನ್ನೂ ತಿರುಗಿ ಹೇಳಿದ, ಚಿಕ್ಕವನಿದ್ದಾಗ ನಾನು ಮಗ್ಗಿ ಹೇಳಿಕೊಡುವಾಗ ಹೇಳುತ್ತಿದ್ದಂತೆ. ಮುಗಿದ ಮೇಲೆ ಫೋನ್ ಇಟ್ಟ.

ವೈರು ಕಿತ್ತೆ. ಈ ಸಲ ಗೋಡೆಯ ಕಡೆಯಿಂದಲೇ. ಎಲ್ಲರಿಗೂ ಕಾಣುವಂತೆ.

27 ಏಪ್ರಿಲ್, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು. ಯುಗಾದಿಗೂ ಅವನು ಬರಲಿಲ್ಲ.

ನಿನ್ನೆ ಬಸವ ಜಯಂತಿ. ಹನ್ನೆರಡರ ಹೊತ್ತಿಗೆ ಹೊರಗೆ ವ್ಯಾನ್ ಸದ್ದು. ಯಾರು ಕರೆದರೋ ಗೊತ್ತಿಲ್ಲ. ಅವ್ವ ಕೇಳಿದರೆ ನಾನಲ್ಲ ಅನ್ನುತ್ತಾಳೆ, ಹೋಳಿಗೆಯನ್ನು ಮಾತ್ರ ಒಬ್ಬರಿಗೆ ಹೆಚ್ಚಾಗಿಯೇ ಮಾಡಿದ್ದಳು. ಅಣ್ಣ ತಲೆ ಎತ್ತದೆ "ತುಪ್ಪ ಹಾಕವ್ವ ಅವಂಗೆ" ಅಂದ. ಅಷ್ಟೇ ಮಾತು. ಇಬ್ಬರೂ ಉಂಡರು.

ಎಲೆ ಅಡಿಕೆ ಹಾಕುವಾಗ ಅಣ್ಣ ನನ್ನ ಕಡೆ ತಿರುಗಿ, "ಆ ಲೈನ್ ಜೋಡ್ಸಿಬಿಡು."

ಆಗುವುದಿಲ್ಲ ಎಂದೆ.

"ಯಾಕಾಗಲ್ಲ? ವೈರು ಹಾಕಿದ್ರೆ ಆತಲ್ಲ."

"ಎರಡೂ ತಾನೇ ಮೇನ್ ಅನ್ನುತ್ತವೆ. ಒಂದನ್ನು ಕಂಡರೆ ಇನ್ನೊಂದು ಕೆಲಸ ನಿಲ್ಲಿಸಿಬಿಡುತ್ತೆ. ಒಂದನ್ನು ಪೂರ್ತಿ ಅಳಿಸಿ, ಇನ್ನೊಂದರ ನಕಲು ಮಾಡಬೇಕು."

"ಮಷೀನ್‌ಗೂ ನಮ್ ಬುದ್ಧಿನೇ ಕಲ್ಸೀಯ ಬಿಡಕ್ಕ" ಅಂದ ಶಶಿ. ಎಲ್ಲರೂ ನಕ್ಕರು. ಅವ್ವ ಅರ್ಥವಾಗದೆಯೂ ನಕ್ಕಳು. ನಕ್ಕು ಮುಗಿದ ಮೇಲೆ ಯಾವುದನ್ನು ಅಳಿಸುವುದು ಎಂದು ಯಾರೂ ಕೇಳಲಿಲ್ಲ.

ಕೊನೆಗೆ ಶಶಿಯೇ, "ಅಣ್ಣಂದು ಇರ್ಲಿ." ಬಾಯಲ್ಲಿ ಎಲೆ ಇತ್ತು, ದನಿ ಹೇಗಿತ್ತೋ ತಿಳಿಯಲಿಲ್ಲ.

29 ಏಪ್ರಿಲ್, ಭಾನುವಾರ

ಶಶಿ ಬೆಳಿಗ್ಗೆ ಸರ್ವರ್ ತಂದ. ವ್ಯಾನಿನ ಹಿಂದೆ, ಹಳೆಯ ಸೀರೆಯಲ್ಲಿ ಸುತ್ತಿ. ಬ್ಯಾಕಪ್ ಎಂಬ ನನ್ನ ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದಾರೆ, ಮೇನ್ ಎಂದು, ಸುನಿತಾಳ ದುಂಡು ಅಕ್ಷರ. ಎರಡನ್ನೂ ಉಗುರಿನಿಂದ ಕೆರೆದೆ. ಹೊಸದೇನೂ ಅಂಟಿಸಲಿಲ್ಲ.

ಶಶಿ ಟೀ ಕುಡಿಯಲು ಹೊರಗೆ ಹೋದಾಗ ಅಣ್ಣ ಹತ್ತಿರ ಬಂದ.

"ಆ ಬೀಗ ಹಾಕ್ಸಿದ್ದು ನಾನು ಅಂತ ಅವಂಗೆ ಹೇಳಿಲ್ಲ ತಾನೆ?"

"ಇಲ್ಲ."

"ಒಳ್ಳೇದಾತು ಬಿಡು." ಹೆಗಲ ಮೇಲಿನ ಭಾರ ಇಳಿದವನಂತೆ ಹೋದ. ಆ ಭಾರ ಎಲ್ಲಿ ಇಳಿಯಿತು ಎಂದು ತಿರುಗಿ ನೋಡಲಿಲ್ಲ.

ಅಳಿಸಿದೆ. ಮತ್ತೆ ನಕಲು ಮಾಡಿದೆ. ನಮ್ಮ ಪಟ್ಟಿಯಲ್ಲಿ ಶಶಿಕಾಂತ್ ಫೆಬ್ರವರಿಯಲ್ಲಿ ಹೇಗಿದ್ದನೋ ಹಾಗೇ ಇದ್ದ, ಟಿಕ್ ಸಮೇತ. ಟಿಕ್ ತೆಗೆದೆ. ಅವನ ಫೈಲ್‌ಗಳೆಲ್ಲ ತೆರೆದವು. ಮಷೀನಿಗೆ ಅವನು ಅದೇ ಶಶಿ.

ಹೊಸ ಪಾಸ್‌ವರ್ಡ್ ಹಾಕಲು ಅವನನ್ನು ಕೂರಿಸಿ, ಕಿಟಕಿಯ ಕಡೆ ತಿರುಗಿಕೊಂಡೆ. ಎಲ್ಲರಿಗೂ ಹಾಗೇ ಮಾಡುತ್ತೇನೆ.

"ಆ ಕಡೆ ಯಾಕೆ ತಿರುಗ್ತೀಯಕ್ಕ? ನೋಡಿದ್ರೂ ನೋಡದಿದ್ರೂ ಬೀಗ ನಿನ್ ಕೈಯಾಗೇ ಐತಲ್ಲ."

ತಮಾಷೆಯ ದನಿಯಲ್ಲೇ ಹೇಳಿದ. ತಿರುಗಿ ನೋಡಿದಾಗ ಅವನು ಕೀಬೋರ್ಡನ್ನು ನನಗೆ ಕಾಣದಂತೆ ಕೈಯಿಂದ ಮರೆಮಾಡಿಕೊಂಡಿದ್ದ.

2 ಮೇ, ಬುಧವಾರ

ಬೊಮ್ಮಲಿಂಗಪ್ಪನವರು ಸರ್ವರ್ ಜೊತೆ ವ್ಯಾನಿನಲ್ಲಿ ಹೋಗಿ ಇಟ್ಟು ಬಂದರು. ಹನ್ನೊಂದಕ್ಕೆ ಡಯಲ್ ಆಯಿತು, ಸಿಕ್ಕಿತು. ಎರಡೂ ಕಡೆ ಒಂದೇ ಪಟ್ಟಿ.

ಸುನಿತಾ ಫೋನ್ ಮಾಡಿದಳು. ಎಲ್ಲ ಸರಿ ಇದೆ ಎಂದು ಹೇಳಲು. ಆಮೇಲೆ ದನಿ ಇಳಿಸಿ, "ಮೇಡಂ, ನಿಮ್ಮ ಬೊಮ್ಮಲಿಂಗಪ್ಪನೋರು ದಾರಿಯುದ್ದಕ್ಕೂ ಗಾದ್ರಪ್ಪನ ಕತೆ ಹೇಳಿದಾರೆ. ವೈರು ಕಿತ್ತಿದ್ದಕ್ಕೆ ಎರಡು ವಾರ ಲೈನ್ ಇರ್ಲಿಲ್ಲ ಅಂತ. ಯಜಮಾನ್ರು ನನ್ನ ಕೇಳಿದ್ರು, ಲೈನ್ ಇಲ್ದಿದ್ರೆ ಬೀಗ ಇಲ್ಲಿಗೆ ಬರ್ತಿರ್ಲಿಲ್ವಾ ಅಂತ. ಬರ್ತಿರ್ಲಿಲ್ಲ ಅಂದೆ. ಬೀಗ ಯಾವತ್ತು ಹಾಕಿದ್ದು, ಲೈನ್ ಯಾವತ್ತು ಹೋಗಿದ್ದು ಅಂತ ಕೇಳಿದ್ರು. ನಂಗೊತ್ತಿಲ್ಲ, ಮೇಡಂನೇ ಕೇಳಿ ಅಂದೆ. ಇರಿ, ಕೈ ಚಾಚ್ತಾವ್ರೆ..."

ರಿಸೀವರ್ ಕೈ ಬದಲಾಯಿತು. ಉಸಿರು ಕೇಳಿಸಿತು.

"ಅಕ್ಕ. ಆ ವೈರು ತಾನಾಗೇ ಕಿತ್ತು ಬಂದಿದ್ದಾ?"

ಎದುರಿನ ಕುರ್ಚಿಯಲ್ಲಿ ಅಣ್ಣ ಪೇಪರ್ ಮಡಿಸಿ ನನ್ನ ಮುಖ ನೋಡುತ್ತಿದ್ದ. ಅಲ್ಲ ಎಂದರೆ ಬೀಗ ಅಣ್ಣನದೆಂದು ಶಶಿಗೂ, ವೈರು ಕಿತ್ತವಳು ನಾನೆಂದು ಅಣ್ಣನಿಗೂ ತಿಳಿಯುತ್ತದೆ. ನಾನು ಹೇಳಿದ್ದು—