ನಕ್ಷತ್ರಗಳು ಅಂಕುಡೊಂಕಾದ ಚಿತ್ರ

ಪೊಲೀಸ್ ವರಿಷ್ಠಾಧಿಕಾರಿಗಳೇ,

ತಮ್ಮ ಕಚೇರಿಯ ಪ್ರಕಟಣೆಯನ್ನು ಮೊದಲು ತಿದ್ದಬೇಕಾಗಿದೆ. ನಿವೃತ್ತನಾದರೂ ಮೇಷ್ಟರ ಚಾಳಿ ಹೋಗಿಲ್ಲ. ನಮ್ಮ ಹಿತ್ತಲಲ್ಲಿದ್ದದ್ದು ‘ಶಂಕಾಸ್ಪದ ಕೊಳವೆ’ಯಲ್ಲ, ದೂರದರ್ಶಕ. ಅದನ್ನು ತಿರುಗಿಸಿದ್ದು ನೆರೆಮನೆಯ ಕಿಟಕಿಗಲ್ಲ, ನಕ್ಷತ್ರಗಳು ಹುಟ್ಟುವ ಅನಿಲದ ಮೋಡಕ್ಕೆ, ಅಂದರೆ ನೀಹಾರಿಕೆಗೆ. ಅದು ತಾನಾಗಿ ‘ಉರುಳಿಬಿದ್ದಿ’ಲ್ಲ. ನನ್ನ ತಂಗಿ ತಮ್ಮ ಸಿಬ್ಬಂದಿಯ ಮೇಲೆ ‘ಹಲ್ಲೆ’ ನಡೆಸಿಯೂ ಇಲ್ಲ. ಮುರಿದ ಮುಂಗೈಯಿಂದ ಹಲ್ಲೆ ನಡೆಸುವ ವಿದ್ಯೆ ಅವಳಿಗೆ ಬಾರದು.

ತಂಗಿ ಕನ್ನಡಕದಂಗಡಿಯಲ್ಲಿ ಮಸೂರ ಉಜ್ಜುವವಳು. ಕಣ್ಣಿಗೆ ಚಿಟಿಕೆ ಬೂದಿಯಂತೆ ಕಾಣುವ ನೀಹಾರಿಕೆ ಚಿತ್ರದಲ್ಲಿ ಕೆಂಪು, ನೀಲಿಯಾಗಿ ಅರಳಬೇಕಾದರೆ ದೂರದರ್ಶಕಕ್ಕೆ ಜೋಡಿಸಿದ ಕ್ಯಾಮೆರಾದ ಶಟರ್ ನಿಮಿಷಗಟ್ಟಲೆ ತೆರೆದೇ ಇರಬೇಕು. ಆಗ ಹತ್ತಿರ ಯಾರೂ ದಪದಪನೆ ನಡೆಯಬಾರದು, ಬಿಳಿಯ ಬೆಳಕು ಬೀಳಬಾರದು. ಅದಕ್ಕೆಂದೇ ಅವಳ ಟಾರ್ಚಿಗೆ ಕೆಂಪು ಕಾಗದ. ಆ ಕೆಂಪನ್ನು ಕಂಡು ಬೆದರಿದ ನೆರೆಯವರು ಠಾಣೆಗೆ ಕರೆ ಮಾಡಿದರು. ರಾತ್ರಿ ಊಟದ ಹೊತ್ತಿಗೆ ತಮ್ಮವರು ಗೇಟು ಒದ್ದು ನುಗ್ಗಿದರು. ಬಂದವರು ಯಾರೆಂದೂ ನೋಡದೆ ತಂಗಿ, ದಿನವೂ ನನ್ನ ಮೇಲೆ ಕೂಗುವಂತೆಯೇ ಕೂಗಿದಳು:

“ಯಾರೂ ಅಲ್ಲಾಡ್ಬೇಡಿ! ಟಾರ್ಚ್ ಆರ್ಸಿ!”

“ನಮಗೇ ಆರ್ಡರ್ ಹಾಕ್ತೀಯೇನೇ?” ಎಂದರೊಬ್ಬರು.

ಲಾಠಿ ದೂರದರ್ಶಕಕ್ಕೆ ಬಿತ್ತು, ಮತ್ತೆ ಬಿತ್ತು. ತಂಗಿ ಕೈ ಅಡ್ಡ ಕೊಟ್ಟಳು. ಮೂಳೆ ಮುರಿದ ಸದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಒಣಕಟ್ಟಿಗೆ ಮುರಿದಂತೆ ಎಂಬ ಹೋಲಿಕೆ ತಪ್ಪು. ಅದು ಹಸಿಕೊಂಬೆಯನ್ನು ತಿರುಚಿ ಸೀಳಿದ ಸದ್ದು. ನಾನು ಓಡಿಬರುವಷ್ಟರಲ್ಲಿ ಅವಳ ಪಕ್ಕೆಯ ಮೇಲೆ ಬೂಟುಗಾಲಿತ್ತು.

“ಅಣ್ಣಾ, ಶಟರ್ ಇನ್ನೂ ತೆರ್ದಿದೆ ಅಂತ ಹೇಳೋ ಇವ್ರಿಗೆ!”

“ಒಳಗೆ ನಡೀರಿ ಮೇಷ್ಟ್ರೇ, ಇಲ್ಲಾಂದ್ರೆ ನಿಮಗೂ ಪಾಠ ಆಗತ್ತೆ.”

ಪಾಠವಾಯಿತು, ಮಾನ್ಯರೇ, ಆದರೆ ಅದನ್ನು ಕಲಿಸಿದ್ದು ಲಾಠಿಯಲ್ಲ, ಚಿತ್ರ. ಕ್ಯಾಮೆರಾವನ್ನು ಕಿತ್ತೊಯ್ಯುವ ಮುನ್ನವೇ ಆ ಕೊನೆಯ ಚಿತ್ರ ತಂತಿಯ ಮೂಲಕ ಕೋಣೆಯ ಕಂಪ್ಯೂಟರನ್ನು ಸೇರಿತ್ತು. ದೂರದರ್ಶಕ ತಾನಾಗಿ ಉರುಳಿದ್ದರೆ ಪ್ರತಿಯೊಂದು ನಕ್ಷತ್ರವೂ ಒಂದೇ ಗೆರೆ ಎಳೆಯಬೇಕಿತ್ತು. ಇಲ್ಲಿ ಪ್ರತಿಯೊಂದೂ ಎಡಕ್ಕೆ ಸಿಡಿದು ನಿಂತಿದೆ, ಬಲಕ್ಕೆ ಸಿಡಿದು ನಿಂತಿದೆ, ಆಮೇಲೆ ನೆಲಕ್ಕೆ ಜಾರಿದೆ. ತಮ್ಮ ಲಾಠಿಯ ಏಟುಗಳಿಗೆ ಆಕಾಶವೇ ಸಾಕ್ಷಿ ಹೇಳಿದೆ. ಅಷ್ಟೂ ನಕ್ಷತ್ರಗಳ ಮೇಲೆ ಹಲ್ಲೆಯ ಮೊಕದ್ದಮೆ ಹೂಡುವಿರಾ?

ಆ ಕೈ ಇನ್ನು ಮಸೂರ ಹಿಡಿಯುವುದು ಅನುಮಾನವೆನ್ನುತ್ತಾರೆ ವೈದ್ಯರು. ಅದೇ ಕೈಗೆ ಬೇಡಿ ತೊಡಿಸುವ ಮೊಕದ್ದಮೆಯನ್ನು ಹಿಂಪಡೆಯಿರಿ. ಲಾಠಿ ಬೀಸಿದವರ ಮೇಲೆ ಹೂಡಿರಿ. ಅಲ್ಲಿಯವರೆಗೆ ಆ ಚಿತ್ರ ಹಿಡಿದು ತಮ್ಮ ಕಚೇರಿಯ ಬಾಗಿಲಲ್ಲೇ ಕುಳಿತಿರುತ್ತೇನೆ. ಲಾಠಿ ಬರುವುದಾದರೆ ಬರಲಿ. ಈ ಸಲ ಅಲುಗಾಡದಿರುವ ಸರದಿ ನನ್ನದು.

ಇಂತಿ,
ತಂಗಿಯ ಬಲಗೈಗೆ ಬದಲಾಗಿ ಬರೆಯುತ್ತಿರುವ ಅಣ್ಣ
೧೯ ಜನವರಿ ೨೦೨೬, ಸೋಮವಾರ, ಬೆಳಿಗ್ಗೆ ೧೦ ಗಂಟೆ ೫ ನಿಮಿಷ