ಒಂಬತ್ತನೇ ತರಗತಿಯ ತೊಟ್ಟಿಲು

ಮಸ್ಕಿ
ಡಿಸೆಂಬರ್ ೫, ಶುಕ್ರವಾರ

ಪ್ರೀತಿಯ ಅಪ್ಪಾ,

ನಿಮ್ಮ ಕಣ್ಣು ಈಗ ಹೇಗಿದೆ? ಪೊರೆ ತೆಗೆಸಿಕೊಂಡು ಲಿಂಗಸುಗೂರಿನ ಅಕ್ಕನ ಮನೆಯಲ್ಲಿ ಸುಮ್ಮನೆ ಕೂತಿದ್ದೀರೋ, ಅಲ್ಲಿಯೂ ಯಾರದೋ ಬಾಗಿಲು ಕೀಸಲು ಹೊರಟಿದ್ದೀರೋ? ಕಣ್ಣಿಗೆ ಕಟ್ಟಿಗೆ ಪುಡಿ ಬಿದ್ದರೆ ನೋಡಿ ಮತ್ತೆ! ಅಕ್ಕಾ, ಇದನ್ನು ಅಪ್ಪನಿಗೆ ಮೆಲ್ಲಗೆ ಓದಿ ಹೇಳು, ಗಾಬರಿ ಮಾಡಬೇಡ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನನಗೆ ಅಳು ಬರುತ್ತದೆ. ಅದಕ್ಕೇ ಬರೆದು, ನಾಳೆ ಬೆಳಿಗ್ಗೆ ಆ ಕಡೆ ಹೊರಟಿರುವ ಗೌಸ್‌ಸಾಬರ ಕೈಗೆ ಕೊಡುತ್ತಿದ್ದೇನೆ.

ಶಾಲೆಯಲ್ಲಿ ಬಡಗಿ ಕೆಲಸ ಕಲಿಸಲು ನನ್ನನ್ನು ಕರೆದಾಗ ನೀವು ಹಿಗ್ಗಿ ಉಳಿ, ಬಾಚಿ ಎಲ್ಲ ಕೊಟ್ಟಿರಿ. ಹೆಡ್‌ಮಾಸ್ತರರು ಮಾತ್ರ "ಹೆಣ್ಣುಡುಗ್ಯಾರ ಕೈಗೆ ಉಳಿ ಯಾಕ್ರೀ ಮೇಡಂ, ಬೆರಳು ಗಿರಳು ಹೋದ್ರ?" ಎಂದು ಮೊದಲಿನಿಂದಲೂ ಗೊಣಗುತ್ತಿದ್ದಾರೆ. ಆದರೆ ನನ್ನ ಒಂಬತ್ತನೇ ತರಗತಿಯ ಹುಡುಗಿಯರು, ಶಾಲೆಯಂಗಳದಲ್ಲಿ ಗಾಳಿಗೆ ಬಿದ್ದ ಬೇವಿನ ಮರದಿಂದ ತೊಟ್ಟಿಲನ್ನೇ ಮಾಡಿಬಿಟ್ಟರು! ಬಿಸಿಯೂಟದ ಮಾರೆಮ್ಮನ ಮೊಮ್ಮಗನಿಗೆ ಅಂತ. ಮಹಾಲಕ್ಷ್ಮಿ ಎಂಬವಳು ಅದಕ್ಕೆ ಗಿಣಿಯನ್ನೂ ಕೆತ್ತಿದ್ದಾಳೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಹೆಡ್‌ಮಾಸ್ತರರೂ ನಕ್ಕರು.

ಅಪ್ಪಾ, ಮರ ಹಸಿ ಇತ್ತು. ಒಣಗಲಿ ಅಂತ ಬಿಟ್ಟರೆ ಶಾಲೆಯ ವರ್ಷವೇ ಮುಗಿಯುತ್ತದೆಂದು ನಾನೇ ಅವಸರ ಮಾಡಿದೆ. ನಿನ್ನೆ ಮಾರೆಮ್ಮನ ಮನೆಯಲ್ಲಿ ಮುಟ್ಟಿ ನೋಡಿದರೆ ಮರ ಒಣಗಿ ಕುಗ್ಗಿದೆ. ಅಡಿಹಲಗೆ ಹಿಡಿದ ಬೆಣೆಗಳು ಬೆರಳು ತಾಗಿದರೆ ಅಲುಗುತ್ತಿವೆ. ಇವತ್ತು ಸಂಜೆಯೇ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ. ಹೇಳಿದರೆ ಹೆಡ್‌ಮಾಸ್ತರರು ಕ್ಲಾಸೇ ಮುಚ್ಚುತ್ತಾರೆ, ಆ ಹುಡುಗಿಯರ ಮುಖ ಹೇಗೆ ನೋಡಲಿ? ಹೇಳದಿದ್ದರೆ... ಕೂಸಿಗಿನ್ನೂ ಕುತ್ತಿಗೆ ನಿಂತಿಲ್ಲ. ನನಗೆ ಬಹಳ ಹೆದರಿಕೆಯಾಗುತ್ತಿದೆ. ಇಲ್ಲ, ಹೇಳಿಬಿಡುತ್ತೇನೆ. ಈಗಲೇ ಹೊರಟೆ.

ಕಣ್ಣಿಗೆ ಔಷಧಿ ತಪ್ಪಿಸಬೇಡಿ. ಅಕ್ಕನ ಮಕ್ಕಳಿಗೆ ಮುದ್ದು, ನಿಮ್ಮ ಪಾದಕ್ಕೆ ನನ್ನ ಹಣೆ.

ನಿಮ್ಮ ಮಗಳು
ಮೌನೇಶ್ವರಿ

ತಾ.ಕ.: ಅಪ್ಪಾ, ಹೋಗಿ ಬಂದು ಇದನ್ನು ಬರೆಯುತ್ತಿದ್ದೇನೆ. ಹುಡುಗಿಯರೆಲ್ಲ ಹೊಸ ಬಟ್ಟೆಯುಟ್ಟು ತೊಟ್ಟಿಲ ಸುತ್ತ ನಿಂತಿದ್ದರು. ಮಾರೆಮ್ಮ "ನೀವ ಮೊದಲು ತೂಗ್ರಿ ಟೀಚರ್" ಎಂದು ಕೈ ಹಿಡಿದು ಎಳೆದಳು. ಹೇಳಬೇಕಾದ್ದನ್ನು ಬಿಟ್ಟು ತೊಟ್ಟಿಲಿಗೆ ಕೈ ಹಾಕಿದೆ. ಕೂಸಿಗಿಂತ ಮೊದಲು ಗುಂಡುಕಲ್ಲು ಮಲಗಿಸಿ ತೂಗುವ ಪದ್ಧತಿಯಿದೆಯಲ್ಲ, ಹಾಗೇ ತೂಗಿದೆ. ಹಲಗೆ ಕಳಚಿ ಕಲ್ಲು ನೆಲಕ್ಕೆ ಬಿತ್ತು. ಕೂಸು ಅಜ್ಜಿಯ ಮಡಿಲಲ್ಲಿತ್ತು, ಏನೂ ಆಗಿಲ್ಲ. ಕ್ಲಾಸು ಹೋದರೆ ಹೋಗಲಿ, ಈಗ ಆ ಹೆದರಿಕೆಯಲ್ಲ. ತೊಟ್ಟಿಲು ಆ ಕಲ್ಲನ್ನು ತಡೆದುಕೊಂಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಬೇಗ ಬನ್ನಿ ಅಪ್ಪಾ.