ಸುಂಕಮ್ಮಕ್ಕನ ಸುಣ್ಣದ ಡಬ್ಬಿ

ಬಳ್ಳಾರಿ, 12-8-84

ಕುರುಗೋಡಿನ ಅಜ್ಜಿಗೆ ಕೊಟ್ರಿಯ ನಮಸ್ಕಾರ.

ಇಲ್ಲಿ ಡಾಕ್ಟರೊಬ್ಬರ ಕೈಕೆಳಗೆ ಪ್ರಯೋಗಶಾಲೆಯ ಕೆಲಸ ಕಲಿಯುತ್ತಿದ್ದೇನೆ. ನಿನ್ನೆ ಸೂಕ್ಷ್ಮದರ್ಶಕದಲ್ಲಿ ಇಲಿಯ ಜೀವಕೋಶಗಳನ್ನು ನೋಡಿದೆ. ಒಂದನ್ನೊಂದು ಅಪ್ಪಿಕೊಂಡಿದ್ದವು, ಅವು ಇದ್ದ ನೀರಿನಿಂದ ಕ್ಯಾಲ್ಸಿಯಂ ತೆಗೆದದ್ದೇ ತಡ, ಕೈಬಿಟ್ಟು ಚದುರಿದವು! ಕ್ಯಾನ್ಸರ್ ಕೋಶಗಳೂ ಹೀಗೇ ಹಿಡಿತ ಬಿಟ್ಟು ಹರಡುತ್ತವಂತೆ.

"ಕ್ಯಾಲ್ಸಿಯಂ ಅಂದ್ರ ಸುಣ್ಣದಾಗ ಇರೋದು" ಎಂದರು ಡಾಕ್ಟರು. ಗಾಜಿನ ಬಟ್ಟಲು ತೊಳೆಯುವ ಸುಂಕಮ್ಮಕ್ಕ ಎಲೆಯಡಿಕೆ ಸಂಚಿಯಿಂದ ಡಬ್ಬಿ ತೆಗೆದು, "ಸುಣ್ಣ ಸಾಲದಿದ್ರ ಇದನ್ನ ಹಾಕ್ರಿ ಸರ, ಮತ್ತ ಕೂಡ್ಕೊಂತಾವ" ಎನ್ನಬೇಕೇ! ನಕ್ಕು ನಕ್ಕು ಸಾಕಾಯಿತು. ಆಮೇಲೆ ಡಾಕ್ಟರು ಅವಳ ಬಾಯಿ ತೆರೆಸಿ ನೋಡಿದರು. ಸುಣ್ಣದಿಂದ ಕೆನ್ನೆಯ ಒಳಭಾಗ ಬೆಂದಿತ್ತು.

ನಿನ್ನ ಬಾಯಿಹುಣ್ಣೂ ಮಾಯ್ದಿಲ್ಲವಲ್ಲ, ಬುಧವಾರದ ಬಸ್ಸಿಗೆ ಬಂದು ಡಾಕ್ಟರಿಗೆ ತೋರಿಸು. ನಿನ್ನ ಎಲೆಯಡಿಕೆ ಸಂಚಿ ಮನೆಯಲ್ಲೇ ಇರಲಿ. ಇಲ್ಲಿ ಸುಂಕಮ್ಮಕ್ಕನನ್ನು ಕೇಳಿದರೂ ಸುಣ್ಣ ಸಿಗದು. ಅವಳ ಡಬ್ಬಿ ಈಗ ಡಾಕ್ಟರ ಬೀರುವಿನಲ್ಲಿದೆ.

ಕೊಟ್ರಿ